ತೊಳೆದ ಕೆಂಡ

ಅವ್ವನ ಎದೆಗೆ ಹೊಗೆ ಆಗುವುದಿಲ್ಲ ಎಂದು ಜಮಖಂಡಿಯ ಡಾಕ್ಟರು ಖಡಾಖಂಡಿತ ಹೇಳಿದ ಮೇಲೆ ನಮ್ಮ ಮನೆಗೆ ಗ್ಯಾಸಿನ ಶೇಗಡಿ ಬಂತು. ಬಂದ ಗಳಿಗೆ ಸರಿಯಿರಲಿಲ್ಲವೋ, ತಂದವನ ಹಣೆಬರಹವೇ ಅಷ್ಟೋ, ಅದರಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ನಮ್ಮದು ಕುರಿ ಕಾಯ್ದ ಮನೆತನ. ನಾನು ನೌಕರಿ ಹಿಡಿದು ಊರು ಸೇರಿದರೂ ರವಿವಾರ ಹಿತ್ತಲಲ್ಲಿ ಖಂಡ ಸುಡುವುದು ತಪ್ಪಿರಲಿಲ್ಲ. ಸುಡುವವಳು ಅವ್ವನೇ. ಜಾಲಿ ಕಟ್ಟಿಗೆ ಉರಿಸಿ ಕೆಂಡ ಮಾಡಿ, ಅದರ ಮೇಲೆ ಅಂಗೈ ಹಿಡಿದು ನೋಡಿ, "ಹ್ಞೂಂ, ಈಗ ಹಾಕ್ರಿ" ಅನ್ನುವಳು. ಅವಳು ಅನ್ನುವ ತನಕ ಯಾರೂ ಹಾಕುವಂತಿರಲಿಲ್ಲ. ಆಮೇಲೆ ವಾರವೆಲ್ಲ ಕೆಮ್ಮು. ಬರಬರುತ್ತ ಉಸಿರಿನ ಜೊತೆ ಸಿಳ್ಳೆ ಹೊಡೆದಂಥ ಸಪ್ಪಳ ಬರತೊಡಗಿತು. ಅದನ್ನು ಕೇಳಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು.

ಶೇಗಡಿಯೆಂದರೆ ಒಂದು ಕಬ್ಬಿಣದ ಪೆಟ್ಟಿಗೆ. ಕೆಳಗೆ ಗ್ಯಾಸಿನ ಉರಿ, ನಡುವೆ ಕಲ್ಲು ತುಂಬಿದ ತಟ್ಟೆ, ಮೇಲೆ ಸರಳುಗಳ ಜಾಳಿಗೆ. ಬರೀ ಉರಿಗೆ ಹಿಡಿದರೆ ಖಂಡ ಹೊರಗೆ ಕರಕಲು, ಒಳಗೆ ಹಸಿ. ಕಲ್ಲು ಕಾದು ಬಿಸಿ ಹಿಡಿದುಕೊಂಡರೆ ಮಾತ್ರ ಕೆಂಡದ ಹಾಗೆ ಸಮನಾಗಿ ಸುಡುತ್ತದೆ. ಜೊತೆಗೆ ಬಂದಿದ್ದ ಕಲ್ಲುಗಳು ಕಪ್ಪಗೆ, ಹಗುರಾಗಿ, ಮೈತುಂಬ ತೂತು ಬಿದ್ದಂಥವು. ಮೊದಲ ರವಿವಾರ ಎಲ್ಲವೂ ಛಲೋ ಆಯಿತು. ಹೊಸ ಯಂತ್ರವೆಂದು ಉರಿ ನಾನೇ ಹಚ್ಚಿದೆ, ನಾನೇ ತಿರುವಿದೆ. ಮಸಾಲೆ ನನ್ನ ಹೆಂಡತಿ ಅರೆದಳು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು.

ಮುಂದಿನ ರವಿವಾರ ಉರಿ ಹಚ್ಚಿದರೆ ಕಲ್ಲಿನಿಂದ ಬುಸಬುಸ ಹಬೆ ಏಳತೊಡಗಿತು. ಎಷ್ಟು ಹೊತ್ತಾದರೂ ಕಾವು ಏರಲೊಲ್ಲದು. ಕೊನೆಗೆ ತಿಂದ ಖಂಡ ಸೋಪಿನ ಪುಡಿ ವಾಸನೆ ಹೊಡೆಯುತ್ತಿತ್ತು.

"ಯವ್ವಾ, ಕಲ್ಲ ತೊಳದೀಯೇನು?"

"ಮತ್ತ? ಸೋಮವಾರ ಮುಂಜಾನಿ ಬೀರಪ್ಪನ ಮುಂದ ದೀಪಾ ಹಚ್ಚೂದಿರತೈತಿ. ಖಂಡ ಮುಟ್ಟಿದ್ದನ್ನ ಹಂಗ ಬಿಟ್ರ ನಡದೀತೇನು?"

ನಮ್ಮ ಮನೆಯ ಪದ್ಧತಿ ಅದು. ಖಂಡದ ಪಾತ್ರೆಗಳೇ ಬೇರೆ, ಅವು ಒಳಗೆ ಬರುವುದಿಲ್ಲ. ರವಿವಾರ ಸಂಜೆಯೊಳಗೆ ತೊಳೆದು ಹಿತ್ತಲಲ್ಲೇ ಬೋರಲು ಹಾಕಬೇಕು. ಪಾತ್ರೆ ಸರಿ, ಕಲ್ಲನ್ನು ಯಾರಾದರೂ ನಾರು ಹಚ್ಚಿ ತಿಕ್ಕುತ್ತಾರೆಯೇ? ನೀರು ಕುಡಿದ ಕಲ್ಲು ಕಾಯುವುದಿಲ್ಲ, ಒಡೆಯುತ್ತದೆ, ಉರಿಯಲ್ಲೇ ಜಿಡ್ಡು ಸುಟ್ಟುಹೋಗುತ್ತದೆ ಎಂದು ಬಾಯಿ ನೋಯುವಷ್ಟು ಹೇಳಿದೆ. ಅವ್ವ ತಲೆಯಾಡಿಸಿದಳು, ಮತ್ತೆ ತೊಳೆದಳು. ದೀಪಾವಳಿಯ ಹೊತ್ತಿಗೆ ಆ ಕಲ್ಲುಗಳೆಲ್ಲ ಪುಡಿಯಾದವು.

ತೂತಿಲ್ಲದ ಕಲ್ಲಾದರೆ ನೀರು ಕುಡಿಯಲಾರದು ಎಂದುಕೊಂಡು ಕೃಷ್ಣೆಯ ದಂಡೆಯಿಂದ ಚೀಲದ ತುಂಬ ನುಣ್ಣನೆಯ ಕಲ್ಲು ಆರಿಸಿ ತಂದೆ. ಹೊಳೆಯ ಕಲ್ಲು ಹೊಟ್ಟೆಯೊಳಗೇ ನೀರಿಟ್ಟುಕೊಂಡಿರುತ್ತದೆಂದು ಯಾರಿಗೆ ಗೊತ್ತು! ಕಾದದ್ದೇ ತಡ, ಢಮ್ಮೆಂದು ಸಿಡಿದು ಚೂರೊಂದು ಬಕೆಟ್ಟಿಗೆ ತೂತು ಹಾಕಿತು. ಓಣಿಯವರು ಸಿಲಿಂಡರೇ ಹಾರಿತೆಂದು ಓಡಿಬಂದರು. ಹೆಂಡತಿ ನಕ್ಕದ್ದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಅವಳ ತಮ್ಮ ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದ. ಅಲ್ಲಿ ಬಾಯ್ಲರಿನ ಒಲೆ ದುರಸ್ತಿಯಾದಾಗ ಉಳಿದ ಹೊಸ ಇಟ್ಟಂಗಿಗಳನ್ನು ಕೇಳಿ ತಂದುಕೊಟ್ಟ. "ಮಾವಾ, ಇವು ಬೆಂಕ್ಯಾಗ ಕುಂಡ್ರಾಕಂತನ ಮಾಡಿದ್ದು. ನಿಮ್ಮ ಶೇಗಡಿ ಇವಕ್ಕ ಯಾವ ಲೆಕ್ಕರೀ?" ಲಿಂಬೆಹಣ್ಣಿನ ಗಾತ್ರಕ್ಕೆ ಒಡೆದು, ನಡುನಡುವೆ ಉರಿ ಆಡುವಷ್ಟು ಸಂದು ಬಿಟ್ಟು ಹರವಿದೆ. ಕಾವು ಹಿಡಿಯಿತೆಂದರೆ ಹಿಡಿಯಿತು. ಅಂಥ ಖಂಡ ಅದುವರೆಗೆ ತಿಂದಿರಲಿಲ್ಲ.

ಮರುದಿನ ನೋಡಿದರೆ ಇಟ್ಟಂಗಿ ಚೂರುಗಳು ತೊಳೆಸಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಾಲಾಗಿ ಬಿಸಿಲು ಕಾಯಿಸುತ್ತಿದ್ದವು. ಹಣೆ ಹಣೆ ಬಡಿದುಕೊಂಡೆ. ಚೂರುಗಳನ್ನೆಲ್ಲ ತಟ್ಟೆಗೆ ಸುರಿದು, ಶೇಗಡಿಯನ್ನು ಕೋಣೆಯಲ್ಲಿಟ್ಟು ಬೀಗ ಹಾಕಿದೆ.

ಮುಂದಿನ ರವಿವಾರ ಸಂತೆ ಮುಗಿಸಿಕೊಂಡು ಬರುವಷ್ಟರಲ್ಲಿ ಹಿತ್ತಲಿನಿಂದ ಹೊಗೆ ಏಳುತ್ತಿತ್ತು. ಅವ್ವ ಮೂರು ಕಲ್ಲು ಹೂಡಿ, ಜಾಲಿ ಕಟ್ಟಿಗೆ ಒಟ್ಟಿ, ಊದುಗೊಳವೆ ಹಿಡಿದು ಕೂತಿದ್ದಳು. ಊದಿದರೆ ಕೆಮ್ಮು, ಕೆಮ್ಮಿದರೆ ಸಿಳ್ಳೆ. ಕಣ್ಣು ಕೆಂಪಗಾಗಿದ್ದವು.

"ಸಾಯಬೇಕಂತ ಮಾಡೀಯೇನ ಯವ್ವಾ? ನಿನ್ನ ಸಲುವಾಗಿ ಊರೆಲ್ಲಾ ತಿರುಗಿ ಕಲ್ಲ ಹುಡುಕಾಕತ್ತೇನಿ, ನೀ ಒಂದ ಸವನ ತೊಳದ ಹಾಳ ಮಾಡ್ತಿ!"

ಅವ್ವ ಉಸಿರು ಹಿಡಿದುಕೊಂಡು ಹೇಳಿದಳು: "ಬೆಂಕಿ ನೀ ಹಚ್ಚತಿ. ಸುಡೂದು ನೀ ಸುಡತಿ. ಮಸಾಲಿ ಆಕಿ ಅರಿತಾಳ. ನನಗ ಉಳದದ್ದು ತೊಳಿಯೂದೊಂದ. ಅದಕ್ಕೂ ಕೀಲಿ ಹಾಕಿದಿ."

ಕೆಂಡದ ಮೇಲೆ ನೀರು ಚೆಲ್ಲಿ, ಶೇಗಡಿಯನ್ನು ಹೊರಗೆ ತಂದು ಅವಳ ಮುಂದಿಟ್ಟೆ. ಗ್ಯಾಸಿನ ಕಿವಿಯನ್ನು ಎತ್ತ ತಿರುವಿದರೆ ಉರಿ ಏರುತ್ತದೆ, ಎತ್ತ ಇಳಿಯುತ್ತದೆ ಎಂದು ತೋರಿಸಿದೆ. ಸುಟ್ಟಾದ ಮೇಲೆ ಮುಚ್ಚಳ ಹಾಕಿ ದೊಡ್ಡ ಉರಿ ಬಿಟ್ಟರೆ ಜಿಡ್ಡೆಲ್ಲ ಬೂದಿಯಾಗುತ್ತದೆಂದೂ ಹೇಳಿದೆ. ಅವ್ವ ಒಂದು ಚೂರನ್ನು ಎತ್ತಿ ತಿರುವಿ ನೋಡಿದಳು. "ಬೆಂಕೀನ ಸುಟ್ಟ ಮ್ಯಾಲ ಮೈಲಿಗಿ ಮುಗೀತ ಬಿಡು," ಅಂದಳು. ಅಂದಿನಿಂದ ಚೂರುಗಳು ಆರಿದ ಮೇಲೆ ಬೂದಿ ಝಾಡಿಸಿ, ಮಗ್ಗಲು ಬದಲಿಸಿ, ಮೇಲೆ ಒಂದು ಚಿಟಿಕೆ ಬೀರಪ್ಪನ ಭಂಡಾರದ ಅರಿಸಿನ ಉದುರಿಸುವಳು. ನೀರು ಮುಟ್ಟಿಸಲಿಲ್ಲ.

ಆಮೇಲಾದರೂ ನನಗೆ ನೆಮ್ಮದಿ ಸಿಕ್ಕಿತೆಂದೇನಲ್ಲ. ಖಂಡ ಅರಿಸಿನದ ಘಾಟು ಹೊಡೆಯುತ್ತದೆ. ಇಟ್ಟಂಗಿ ಕಾದು ಕೆಂಪೇರಿದರೂ ಅವಳ ಮನಸ್ಸಿಗೆ ಬರುವುದಿಲ್ಲ. ಹಸಿದು ಹಸಿದು ನಾನು ಕಟ್ಟೆಯ ಮೇಲೆ ಕೂತಿರುತ್ತೇನೆ.

"ಯವ್ವಾ, ಇನ್ನೂ ಆಗಲಿಲ್ಲೇನು?"

"ಸುಮ್ಮ ಕುಂಡ್ರಲೇ. ಕೆಂಡ ಇನ್ನೂ ಹದಕ್ಕ ಬಂದಿಲ್ಲ."

ಇಟ್ಟಂಗಿಯ ಮೇಲೆ ಅಂಗೈ ಹಿಡಿದು, ಕೆಮ್ಮದೆ, ಹಾಗೇ ನೋಡುತ್ತ ಕೂಡುತ್ತಾಳೆ.