ತಂಗಿಯನ್ನು ಹೊರಗಿಟ್ಟ ಕೋಚ್

ಅಪ್ಪ ಅಮ್ಮ ಇಟ್ಟ ಹೆಸರು ಏನೇ ಇರಲಿ, ಬೀದಿಗೆಲ್ಲ ಅವಳು ಗಿಡ್ಡಿ. ಎದುರಾಳಿ ತಂಡದ ಹುಡುಗಿಯರ ಹೆಗಲಿಗೂ ಬರುತ್ತಿರಲಿಲ್ಲ. ಆದರೆ ಚೆಂಡೊಂದು ಕಾಲಿಗೆ ಸಿಕ್ಕರೆ ಸಾಕು, ಅವರ ಸಂದಿಯಲ್ಲೇ ನುಸುಳಿ ಗೋಲು ಹೊಡೆದು ಬರುತ್ತಿದ್ದಳು. ಅವಳ ಬೆನ್ನಿಗೆ ಹುಟ್ಟಿದ ತಂಗಿ ಮಾತ್ರ ಉದ್ದಕ್ಕೆ ಬೆಳೆದಳು. ಟೈರ್ ಅಂಗಡಿ ಇಟ್ಟುಕೊಂಡಿದ್ದ ಅಪ್ಪ ಅವಳನ್ನು ಕೊಕ್ಕರೆ ಅನ್ನುತ್ತಿದ್ದ.

ಕೊಕ್ಕರೆಗೆ ಆಟದ ಹುಚ್ಚೇನೂ ಇರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಶಟರಿಗೆ ಗುರಿಯಿಟ್ಟು ಒದೆಯುವ ಅಕ್ಕನಿಗೆ ಎದುರು ನಿಲ್ಲಲು ಒಬ್ಬರು ಬೇಕಿತ್ತು, ನಿಂತಳು. ಮೊದಮೊದಲು ಹೆದರಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಚೆಂಡು ನೋಡಬೇಡ, ನನ್ನ ಕಾಲು ನೋಡು ಎಂದು ಅಕ್ಕ ಹೇಳಿಕೊಟ್ಟಳು. ನೋಡಿ ನೋಡಿ ಆ ಕಾಲು ಅವಳಿಗೆ ಎಷ್ಟು ಪರಿಚಯವಾಯಿತೆಂದರೆ, ಅಕ್ಕ ಒದೆಯುವ ಮೊದಲೇ ಅವಳು ಆ ಕಡೆಗೆ ಹಾರಿರುತ್ತಿದ್ದಳು. ಅವಳನ್ನು ದಾಟಿಸಿ ಗೋಲು ಹೊಡೆಯಲು ಗಿಡ್ಡಿ ದಿನಕ್ಕೊಂದು ಹೊಸ ವರಸೆ ಕಲಿಯಬೇಕಾಯಿತು.

ಆಟ ನೋಡಿಯೇ ಬಸ್ ಕಂಪನಿಯವರು ತಮ್ಮ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡಕ್ಕೆಂದು ಇಬ್ಬರಿಗೂ ಕೆಲಸ ಕೊಟ್ಟರು. ಅಕ್ಕ ಟಿಕೆಟ್ ಕೌಂಟರಿನಲ್ಲಿ, ತಂಗಿ ಬಿಡಿಭಾಗಗಳ ಗೋದಾಮಿನಲ್ಲಿ. ಸಂಜೆಯಾದರೆ ಡಿಪೋ ಹಿಂದಿನ ಮೈದಾನ. ಮುಂದಿನ ಬಾಗಿಲಿಗೆ ಗಿಡ್ಡಿ, ಹಿಂದಿನ ಬಾಗಿಲಿಗೆ ಕೊಕ್ಕರೆ ಇದ್ದರೆ ನಡುವೆ ಯಾರು ಹತ್ತಿದರೂ ಬಸ್ಸು ಓಡುತ್ತದೆ ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರು. ಹಾಗೆಯೇ ಹತ್ತಾರು ವರ್ಷ ಓಡಿತು.

ಆಮೇಲೆ ಗಿಡ್ಡಿಯ ಮೊಣಕಾಲು ಕೈಕೊಟ್ಟಿತು. ಕಂಪನಿ ಅವಳನ್ನೇ ಕೋಚ್ ಮಾಡಿತು. ತನ್ನ ತಂಡವನ್ನು ಗೆರೆಯ ಆಚೆ ನಿಂತು ನೋಡಿದ್ದು ಅದೇ ಮೊದಲು. ನೋಡಿದರೆ ತಂಗಿ ನಿಧಾನವಾಗಿದ್ದಳು. ಎರಡನೇ ಹೆರಿಗೆಯ ನಂತರ ಅವಳಿಗೆ ಬೆನ್ನುನೋವು ಶುರುವಾಗಿತ್ತು. ಎತ್ತರದ ಚೆಂಡು ಸಿಗುತ್ತಿತ್ತು, ನೆಲ ಸವರಿಕೊಂಡು ಬಂದದ್ದಕ್ಕೆ ಬಗ್ಗುವಷ್ಟರಲ್ಲಿ ತಡವಾಗುತ್ತಿತ್ತು. ಗ್ಯಾರೇಜಿಗೆ ಹೊಸದಾಗಿ ಸೇರಿದ್ದ ವೆಲ್ಡರ್ ಹುಡುಗಿಯೊಬ್ಬಳು ಗೋಲಿಗೆ ನಿಂತರೆ ಬೆಕ್ಕಿನ ಹಾಗೆ ನೆಗೆಯುತ್ತಿದ್ದಳು.

ಆ ವರ್ಷವೇ ತಂಡ ಮೊದಲ ಬಾರಿಗೆ ಫೈನಲ್ ತಲುಪಿತು. ಈ ಸಲ ನೀನು ಬೇಡ ಎಂದು ಹೇಳಲು ಗಿಡ್ಡಿ ಎರಡು ಸಲ ತಂಗಿಯ ಮನೆಗೆ ಹೋದಳು. ಮಗುವಿನ ಜ್ವರ, ಸೋರುವ ನಲ್ಲಿ ಎಂದು ಅದೂ ಇದೂ ಮಾತಾಡಿ ಎದ್ದು ಬಂದಳು. ಕೊನೆಗೆ ಪಂದ್ಯದ ದಿನ, ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರ ಮುಂದೆ ತಂಡದವರ ಹೆಸರು ಹೇಳುವಾಗ ಗೋಲಿಗೆ ವೆಲ್ಡರ್ ಹುಡುಗಿ ಎಂದಳು. ಕೊಕ್ಕರೆ ಅಷ್ಟರಲ್ಲಿ ಒಂದು ಕೈಗವಸು ಹಾಕಿಕೊಂಡಾಗಿತ್ತು. ಅದನ್ನು ಬಿಚ್ಚಿ, ಜೋಡಿಯನ್ನು ಹುಡುಗಿಯ ಕೈಗಿಟ್ಟು, ಇದರ ಹಿಡಿತ ಚೆನ್ನಾಗಿದೆ, ಇದನ್ನೇ ಹಾಕಿಕೋ ಅಂದಳು.

ತಂಡ ಒಂದು ಗೋಲಿನಿಂದ ಗೆದ್ದಿತು. ಆಟ ಮುಗಿಯುವ ಹೊತ್ತಿಗೆ ಕಂಬದ ಬುಡಕ್ಕೆ ಉರುಳಿ ಬಂದ ಚೆಂಡನ್ನು ಹುಡುಗಿ ಬೆರಳ ತುದಿಯಿಂದ ಆಚೆ ತಳ್ಳಿದಳು. ಬೆಂಚಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವಳು ಕೊಕ್ಕರೆ.

ವಾಪಸು ಬರುವಾಗ ಬಸ್ಸಿನಲ್ಲಿ ಹಾಡು, ಕೇಕೆ. ಗಿಡ್ಡಿ ಹೋಗಿ ತಂಗಿಯ ಪಕ್ಕ ಕೂತಳು.

"ನನ್ನ ಮೇಲೆ ಕೋಪಾನಾ?"

"ಇಲ್ಲ ಅಕ್ಕ. ಆ ಚೆಂಡು ನನಗೆ ಸಿಗ್ತಿರಲಿಲ್ಲ. ನೀನು ಮಾಡಿದ್ದು ಸರಿ." ತಂಗಿ ಕಿಟಕಿಯ ಕಡೆ ತಿರುಗಿದಳು. "ಆದ್ರೆ ನಾನು ಈ ಆಟಕ್ಕೆ ಬಂದಿದ್ದೇ ನಿನಗೋಸ್ಕರ. ನನಗೊಬ್ಬಳಿಗೆ ಮೊದ್ಲೇ ಹೇಳ್ಬಹುದಿತ್ತು."

ಗಿಡ್ಡಿ ಡಿಪೋ ಬರುವ ತನಕ ಮಡಿಲಲ್ಲಿ ಗೆದ್ದ ಕಪ್ಪು ಇಟ್ಟುಕೊಂಡು ಕೂತಿದ್ದಳು. ಮರುದಿನದಿಂದ ಕೊಕ್ಕರೆ ಗೋದಾಮಿಗೆ ಬಂದಳು, ಮೈದಾನಕ್ಕೆ ಬರಲಿಲ್ಲ. ಕರೆದರೆ ಬೆನ್ನುನೋವು ಅಂದಳು. ಅದೂ ಸುಳ್ಳಾಗಿರಲಿಲ್ಲ.

ಅದಾದ ಮೇಲೆ ಗಿಡ್ಡಿ ಕೋಚ್ ಇನ್ನೂ ಕೆಲವು ಕಪ್ಪುಗಳನ್ನು ಗೆದ್ದಳು, ಒಳ್ಳೆಯ ಆಟಗಾರ್ತಿಯರನ್ನು ತಯಾರು ಮಾಡಿದಳು. ಯಾರನ್ನಾದರೂ ತಂಡದಿಂದ ಬಿಡಬೇಕಾದರೆ ಹಿಂದಿನ ದಿನವೇ ಅವರ ಮನೆಗೆ ಹೋಗಿ ಹೇಳಿ ಬರುವುದನ್ನು ರೂಢಿ ಮಾಡಿಕೊಂಡಳು. ಕೆಲವರು ಅತ್ತರು, ಕೆಲವರು ಬೈದರು. ಒಬ್ಬಳ ತಾಯಿ ಮುಖದ ಮೇಲೆ ಬಾಗಿಲು ಹಾಕಿದಳು. ಗಿಡ್ಡಿ ಎಲ್ಲ ಕೇಳಿಸಿಕೊಂಡು ಕುಂಟುತ್ತ ಮನೆಗೆ ಬರುತ್ತಿದ್ದಳು.

ಅಕ್ಕತಂಗಿಯರು ಮಾತು ಬಿಟ್ಟಿಲ್ಲ. ಭಾನುವಾರ ಗಿಡ್ಡಿ ತಂಗಿಯ ಮನೆಗೆ ಹೋಗುತ್ತಾಳೆ. ಇಬ್ಬರೂ ಸೇರಿ ಪಾತ್ರೆ ತೊಳೆಯುತ್ತಾರೆ, ಅಪ್ಪನ ಕಣ್ಣಿನ ಆಪರೇಷನ್, ಮಕ್ಕಳ ಪರೀಕ್ಷೆ ಅಂತ ಮಾತಾಡುತ್ತಾರೆ, ನಗುತ್ತಾರೆ ಕೂಡ. ಟಿವಿಯಲ್ಲಿ ಫುಟ್‌ಬಾಲ್ ಬಂದರೆ ಮಾತ್ರ ತಂಗಿಯ ಗಂಡ ಚಾನೆಲ್ ಬದಲಿಸುತ್ತಾನೆ. ಇರಲಿ ಬಿಡಿ, ನೋಡೋಣ ಎಂದು ಇಬ್ಬರಲ್ಲಿ ಯಾರೂ ಈವರೆಗೆ ಅಂದಿಲ್ಲ.