ಬಳೆಮಂಟಪದ ಎದುರು ಒಂದು ಬೈಟು ಟೀ

ಯಳಂದೂರಿನ ಬಳೆಮಂಟಪ ತೋರಿಸುತ್ತೇನೆ, ತೋರಿಸುತ್ತೇನೆ ಅನ್ನುತ್ತಲೇ ದುಂಡಮ್ಮನ ಗಂಡ ತೀರಿಕೊಂಡಿದ್ದ. ಮೂರು ವರ್ಷದ ಮೇಲೆ ಅವಳು ಬಂಡಳ್ಳಿಯಿಂದ ಒಬ್ಬಳೇ ಬಸ್ಸು ಹತ್ತಿ ಬಂದಳು. ಮಂಟಪದಲ್ಲಿ ತೂಗುವ ಕಲ್ಲಿನ ಬಳೆಗಳಿಂದ ಮಳೆನೀರು ತೊಟ್ಟಿಕ್ಕುವುದನ್ನು ಕಣ್ತುಂಬ ನೋಡಿ, ಎದುರಿನ ಟೀ ಅಂಗಡಿಗೆ ಬಂದು ನಿಂತಳು.

“ಒಂದು ಬೈಟು ಕೊಡವ್ವ” ಅಂದುಬಿಟ್ಟಳು. ಸಂತೆಗೆ ಹೋದಾಗೆಲ್ಲ ಗಂಡನ ಜೊತೆ ಒಂದೇ ಟೀ ಹಂಚಿಕೊಂಡು ಕುಡಿದ ನಲವತ್ತು ವರ್ಷದ ರೂಢಿ.

ಅಂಗಡಿಯಾಕೆ ಎರಡು ಅರ್ಧ ಲೋಟ ಇಟ್ಟಳು. “ಇನ್ನರ್ಧ ಯಾರ್ಗವ್ವ? ಜತೆಯೋರು ಮಳೆಗೆ ಎದ್ರಿಕಂಡ್ರಾ?”

“ನಿಂತ್ಮೇಲೆ ಬತ್ತಾರೆ ಕಣವ್ವ.”

ಸುಳ್ಳು ಹೇಗೆ ಬಾಯಿಗೆ ಬಂತೋ! ಬೆಂಚಿನಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂತು, ಈ ಮಳೆ ಇನ್ನಷ್ಟು ಹೊತ್ತು ಸುರಿಯಲಪ್ಪ ಎಂದುಕೊಂಡಳು.

ಮಳೆ ನಿಂತೇಬಿಟ್ಟಿತು. ಅಂಗಡಿಯಾಕೆ ಅತ್ತ ತಿರುಗಿದಾಗ, ಆರಿದ ಆ ಇನ್ನರ್ಧ ಲೋಟವನ್ನೂ ದುಂಡಮ್ಮನೇ ಎತ್ತಿ ಕುಡಿದಳು.