ನೀಲವ್ವ ಗಂಡನ ಹೆಸರು ಹಿಡಿದು ಕರೆದದ್ದು

ದೆವ್ವ, ಶಕುನ, ಆಯುಷ್ಯ ಕುಂದುವುದು ಎಂಬ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದೆ. ಡಾಕ್ಟರಕಿ ಓದಿದ ಸೊಕ್ಕು. ಈಗಲೂ ಅವನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ಆದರೆ ಒಂದು ಮಧ್ಯಾಹ್ನ ನನ್ನ ಕಿವಿಯಾರೆ ಕೇಳಿದ್ದನ್ನು ಸುಳ್ಳೆನ್ನುವ ಧೈರ್ಯವೂ ನನಗಿಲ್ಲ.

ಎಂಬತ್ತರ ಆಸುಪಾಸಿನ ಮಾತು. ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರನಾಗಿದ್ದೆ. ಎರಡು ಮಂಚ, ಒಂದು ಆಕ್ಸಿಜನ್ ಸಿಲಿಂಡರು, ಕಫ ಎಳೆಯುವ ಒಂದು ಯಂತ್ರ ಇದ್ದ ಕೋಣೆಗೆ ತೀವ್ರ ನಿಗಾ ಘಟಕವೆಂದು ಬೋರ್ಡು ಹಾಕಿದ್ದೆವು. ನಮ್ಮ ಹಿರಿಯ ಡಾಕ್ಟರು ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರ ಮೇಲೆ ಸಂಶೋಧನೆ ನಡೆಸಿದ್ದರು. ಹತ್ತಿರದವರ ದನಿಗೆ ಮೆದುಳು ಓಗೊಡುತ್ತದೆಯೇ ಎಂಬುದು ಅವರ ಪ್ರಶ್ನೆ. ಮನೆಯವರೊಬ್ಬರು ರೋಗಿಯ ಹೆಸರನ್ನು ಮೂರು ಬಾರಿ ಕರೆಯಬೇಕು, ಬೇರೆ ಒಂದು ಶಬ್ದವೂ ಸೇರಬಾರದು. ಕಣ್ಣು, ಕೈ ಅಲುಗಿದವೇ ಎಂದು ನೋಡಿ ಚಾರ್ಟು ತುಂಬುವ ಕೆಲಸ ನನ್ನದು.

ಇಳಕಲ್ಲಿನ ನೇಕಾರ ಸಂಗಪ್ಪ ಕುಳಗೇರಿ ಕ್ರಾಸಿನಲ್ಲಿ ಬಸ್ಸಿನ ಮೇಲಿಂದ ಸೀರೆಯ ಗಂಟು ಇಳಿಸುವಾಗ ಬಿದ್ದು ತಲೆ ಒಡೆದುಕೊಂಡಿದ್ದ. ಉಸಿರಾಡಲೆಂದು ಗಂಟಲು ಕೊಯ್ದು ಕೊಳವೆ ಇಟ್ಟಿದ್ದೆವು. ಗಾಳಿ ಆ ಕೊಳವೆಯಲ್ಲೇ ಆಡುವುದರಿಂದ ಅಂಥವರಿಗೆ ಎಚ್ಚರವಾದರೂ, ಕೊಳವೆಯ ಬಾಯಿಗೆ ಬೆರಳಿಟ್ಟು ಮುಚ್ಚದ ಹೊರತು ಮಾತು ಹೊರಡುವುದಿಲ್ಲ. ಆರು ದಿನವಾದರೂ ಚಿವುಟಿದರೆ ಮಿಸುಕುತ್ತಿರಲಿಲ್ಲ. ಅವನ ಹತ್ತಿರ ಇದ್ದವಳು ಹೆಂಡತಿ ನೀಲವ್ವ ಒಬ್ಬಳೇ.

ಅವಳು ಹೆಸರು ಹೇಳಲು ಒಪ್ಪಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಒಡಪು ಕಟ್ಟಿ, ಪ್ರಾಸದ ನಡುವೆ ಇಟ್ಟು ಹೇಳುತ್ತಾರೆ, ಬರಿದೇ ಹೇಳುವುದಿಲ್ಲ.

“ಒಡಪು ಹಾಕಿ ಕರೀಲೇನ್ರಿ ಸಾಹೇಬ್ರ? ಬರೇ ಹೆಸರು ಹಿಡದ್ರ ಅವರ ಆಯುಷ್ಯ ಕಡಿಮಿ ಆಗ್ತೈತ್ರಿ,” ಎಂದು ಕೈ ಮುಗಿದಳು.

ಒಡಪಿಗೆ ಚಾರ್ಟಿನಲ್ಲಿ ಜಾಗವಿರಲಿಲ್ಲ. ಖಾಲಿ ಚಾರ್ಟು ತೋರಿಸಿ ಹಿರಿಯರಿಂದ ಬೈಸಿಕೊಳ್ಳುವುದು ನನಗೆ ಬೇಡವಾಗಿತ್ತು. “ಗಂಡ ಉಳಿಯೂದು ಬ್ಯಾಡೇನು ನಿನಗ? ಕರಿ,” ಎಂದು ಗದರಿದೆ. ಉಳಿಯಲೆಂದೇ ಅವಳು ಕರೆಯುತ್ತಿರಲಿಲ್ಲ. ಓದಿ ಓದಿ ಮರುಳಾದ ಕೂಚಂಭಟ್ಟ ಎಂಬ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು.

ಸೆರಗು ಬಾಯಿಗೆ ಒತ್ತಿಕೊಂಡು ಎರಡು ಸಲ ಕರೆದಳು. ಏನೂ ಆಗಲಿಲ್ಲ. ಮೂರನೆಯ ಸಲ ಸೆರಗು ತೆಗೆದು ಗಟ್ಟಿಯಾಗಿ “ಸಂಗಪ್ಪ” ಎಂದಳು. ಅವನು ಕಣ್ಣು ತೆರೆದ. ಅವಳತ್ತ ಮುಖ ಹೊರಳಿಸಿ, ಮನೆಯಲ್ಲಿ ಕೂತು ಮಾತಾಡುವವನ ದನಿಯಲ್ಲಿ ಕೇಳಿದ.

“ಯಾಕ ಕರದಿ?”

ನಾನು ಮೊದಲು ನೋಡಿದ್ದು ಕೊಳವೆಯನ್ನು. ಅದು ಇದ್ದಲ್ಲೇ ಇತ್ತು, ಯಾರೂ ಬೆರಳಿಟ್ಟು ಮುಚ್ಚಿರಲಿಲ್ಲ, ಉಸಿರು ಅದರಲ್ಲೇ ಆಡುತ್ತಿತ್ತು. ಕಾಲು ತಾಸಿನಲ್ಲಿ ನಾಡಿ ನಿಂತಿತು. ನೀಲವ್ವ ಅಳಲಿಲ್ಲ, ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು.

ಚಾರ್ಟಿನಲ್ಲಿ ‘ಕಣ್ಣು ತೆರೆದ’ ಎಂದಷ್ಟೇ ಬರೆದೆ. ಹಿರಿಯ ಡಾಕ್ಟರಿಗೆ ಬಹಳ ಸಂತೋಷವಾಯಿತು. ಅವರ ಪ್ರಬಂಧದಲ್ಲಿ ಸಂಗಪ್ಪ ಓಗೊಟ್ಟವರ ಸಾಲಿನಲ್ಲಿದ್ದಾನೆ. ಸತ್ತವರ ಸಾಲು ಬೇರೆ ಪುಟದಲ್ಲಿದೆ. ಆ ದನಿಯ ವಿಷಯ ಬಹಳ ದಿನದ ಮೇಲೆ ಗೆಳೆಯನೊಬ್ಬನಿಗೆ ಹೇಳಿದಾಗ, ಕೊಳವೆಯ ಪಕ್ಕದಿಂದ ಗಾಳಿ ಸೋರಿರಬೇಕೆಂದ. ಅವನೂ ಡಾಕ್ಟರನೇ. ಸೋರಿದ ಗಾಳಿ ಗೊರಗೊರ ಅನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಅದು ಹಾಗಿರಲಿಲ್ಲ.

ನಾಲ್ಕೈದು ವರ್ಷದ ಮೇಲೆ ಕೆರೂರಿನ ಸಂತೆಯಲ್ಲಿ ನೀಲವ್ವ ಕುಪ್ಪಸದ ಖಣ ಮಾರುತ್ತ ಕೂತಿದ್ದಳು. ನಾನೇ ಹೋಗಿ ಮಾತಾಡಿಸಿದೆ. ಅವಳ ಎದೆಯ ಭಾರ ಇಳಿಸುತ್ತೇನೆಂಬ ದೊಡ್ಡಸ್ತಿಕೆ ನನಗೆ.

“ನೀ ಕರದಿದ್ದಕ್ಕ ಅಲ್ಲ ನೀಲವ್ವ. ಕರೀಲಿಲ್ಲಂದ್ರೂ ಅವ ಉಳೀತಿದ್ದಿಲ್ಲ. ಅವತ್ತ ಮುಂಜಾನೇನ ನಮಗ ಗೊತ್ತಾಗಿತ್ತು.”

ಖಣ ಮಡಚುತ್ತಿದ್ದ ಕೈ ನಿಲ್ಲಿಸಿ ಅವಳು ನನ್ನ ಮುಖ ನೋಡಿದಳು.

“ಮತ್ತ ಯಾಕ ಕರಸಿದ್ರಿ?”

ಕೊಳವೆಯ ದನಿಗಾದರೂ ಗಾಳಿ ಸೋರಿತೆಂದು ಏನೋ ಒಂದು ಹೇಳಬಹುದು.